ಎರಡರಿಂದ ಎಂಟರ ಪಾಳಿ

ಬ್ರಾಹ್ಮಿ ಕೋವಿಡ್ ವಾರ್ಡಿಗೆ ಹೆಸರು ಕೊಟ್ಟಿದ್ದಾಳೆಂಬ ಸುದ್ದಿ ಮನೆಗೆ ತಿಳಿದದ್ದು ಮಧ್ಯಾಹ್ನದ ಊಟದಲ್ಲಿ, ಅವಳ ಮೂರನೆಯ ರೊಟ್ಟಿಯ ಹೊತ್ತಿಗೆ. ಮೊದಲ ಎರಡನ್ನು ಅವಳು ತುಟಿ ಪಿಟಕ್ಕೆನ್ನದೆ ಉಂಡು ಮುಗಿಸಿದ್ದಳು. ಸುದ್ದಿ ಹೊರಬಿದ್ದ ಮೇಲೆ ಯಾರೂ ನೆಟ್ಟಗೆ ಉಣ್ಣಲು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊಟ್ಟೆಯ ವಿಷಯದಲ್ಲಿ ಹುಡುಗಿ ಬಲು ಜಾಣೆ.

"ಅಪ್ಪಾ, ಕಾಲೇಜಿಂದ ಮೆಸೇಜ್ ಬಂದಿತ್ತು. ಮೂರನೇ ವರ್ಷದವರು ಯಾರರ ಕೋವಿಡ್ ಸೆಂಟರಿಗೆ ಬರ್ತೀರೇನು ಅಂತ. ನಾ ಹೆಸರ ಕೊಟ್ಟೇನಿ."

ನೇಮಿರಾಜನ ಕೈ ಪಲ್ಯದ ಬಟ್ಟಲಲ್ಲೇ ನಿಂತಿತು. "ಕೊಟ್ಟೇನಿ ಅಂದ್ರ? ಕೇಳಿ ಕೊಡೂದಿಲ್ಲೇನು?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೊಟ್ಟ ಕೇಳಾಕತ್ತೇನಿ."

ತಂಗಿ ಮಾನಸಿ ಕಿಸಕ್ಕನೆ ನಕ್ಕಳು. ಹತ್ತನೆಯ ಇಯತ್ತೆಯ ಪರೀಕ್ಷೆ ಮುಂದೆ ಹೋದಾಗಿನಿಂದ ಅವಳಿಗೆ ಎಲ್ಲದಕ್ಕೂ ನಗು. ತಾಯಿ ಕಾಂಚನಾ ಲಟಪಟ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಏನಂದಿ? ಇನ್ನೊಮ್ಮೆ ಅನ್ನು. ಮೊನ್ನಿ ಹಿಂದಿನ ಓಣ್ಯಾಗಿಂದ ಒಬ್ಬರನ್ನ ಗಾಡ್ಯಾಗ ಹಾಕ್ಕೊಂಡ ಒಯ್ದಾರ, ಇನ್ನೂ ಬಂದಿಲ್ಲ. ಎಲ್ಲಾರೂ ಅಲ್ಲಿಂದ ಓಡಿ ಬರೂ ಹೊತ್ತಿನ್ಯಾಗ ಇಕಿ ಅಲ್ಲಿಗೆ ಹೊಂಟಾಳ!"

"ಓಡಿ ಬಂದವರನ್ನ ನೋಡಕೊಳ್ಳಾಕ ಯಾರರ ಬೇಕಲ್ಲಬೇ."

"ಆ ಯಾರರ ನೀನ ಆಗಬೇಕೇನು?"

"ನಾನೂ ಆಗಬಹುದಲ್ಲ."

ಅದು ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು, ಎರಡನೆಯ ಅಲೆ. ಬನಹಟ್ಟಿಯ ಮಗ್ಗಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ಊರು ಇಷ್ಟು ಸುಮ್ಮನಾದದ್ದನ್ನು ಅಲ್ಲಿಯವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಜಮಖಂಡಿಯಲ್ಲಿ ನರ್ಸಿಂಗ್ ಓದುತ್ತಿದ್ದ ಬ್ರಾಹ್ಮಿ ಕಾಲೇಜು ಮುಚ್ಚಿ ಮನೆಗೆ ಬಂದು ವಾರವಾಗಿತ್ತು. ಊರ ಹೊರಗಿನ ಹಾಸ್ಟೆಲ್ ಒಂದರಲ್ಲಿ ಮಂಚ ಹಾಕಿ, ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿ, ಕೋವಿಡ್ ಸೆಂಟರ್ ಮಾಡಿದ್ದರು. ಮಂಚಗಳಿದ್ದವು, ರೋಗಿಗಳಿದ್ದರು, ನೋಡಿಕೊಳ್ಳುವವರ ಕೈ ಮಾತ್ರ ಸಾಲುತ್ತಿರಲಿಲ್ಲ.

"ನೋಡು ಬ್ರಾಹ್ಮಿ," ನೇಮಿರಾಜ ಅಂಗಡಿಯಲ್ಲಿ ಗಿರಾಕಿಗೆ ಬೆಲ್ಲದ ದರ ಹೇಳುವ ದನಿ ತೆಗೆದ. "ನೀ ನರ್ಸ್ ಆಗಲಿ ಅಂತನ ಕಲಸಾಕತ್ತೇನಿ. ಆದರ ಇನ್ನೂ ಆಗಿಲ್ಲ. ಆದ ಮ್ಯಾಲ ಹೋಗು, ಯಾರ ಬ್ಯಾಡ ಅಂತಾರ?"

"ಜಡ್ಡು ನನ್ನ ರಿಜಲ್ಟ್ ಬರೂತನಕ ಕಾಯತೈತೇನಪ್ಪಾ?"

ಎಲ್ಲರೂ ಮೂಲೆಯ ಮಣೆಯ ಕಡೆ ನೋಡಿದರು. ಅಲ್ಲಿ ನೇಮಿರಾಜನ ತಾಯಿ ಜಿನ್ನವ್ವ ಉಣ್ಣುತ್ತಿದ್ದಳು. ಮೊಮ್ಮಕ್ಕಳು ಅವಳನ್ನು ಆಯಿ ಎನ್ನುತ್ತಿದ್ದರು. ಈ ಜೈನ ಮನೆಯಲ್ಲಿ ಅಂಗಡಿಯ ಮಾತು ನೇಮಿರಾಜನದು, ಅಡುಗೆಯ ಮಾತು ಕಾಂಚನಾಳದು, ಕಟ್ಟಕಡೆಯ ಮಾತು ಆಯಿಯದು. ಆದರೆ ಆಯಿ ಊಟದ ನಡುವೆ ಮಾತಾಡುವವಳಲ್ಲ, ಅದು ಅವಳ ನೇಮ. ಉಂಡು, ತಟ್ಟೆಗೆ ನೀರು ಹಾಕಿ, ಒಂದಗಳು ಉಳಿಯದಂತೆ ತೊಳೆದು, ಆ ನೀರನ್ನು ಕುಡಿದ ಮೇಲೆಯೇ ಅವಳ ಬಾಯಿಗೆ ಬಿಡುಗಡೆ. ಅಷ್ಟರವರೆಗೆ ಮನೆಮಂದಿಯೆಲ್ಲ ತೀರ್ಪಿಗೆ ಕಾದ ಕಕ್ಷಿದಾರರ ಹಾಗೆ ಕಾದರು. ಆಯಿಗೂ ಅದು ಗೊತ್ತಿತ್ತು, ಆವತ್ತು ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡಳು.

ಕಡೆಗೆ ತಟ್ಟೆಯ ನೀರು ಕುಡಿದು ಬಾಯಿ ಒರೆಸಿಕೊಂಡಳು.

"ಹೋಗ್ಲಿ."

"ಯವ್ವಾ!" ಎಂದ ನೇಮಿರಾಜ. "ಅತ್ತಿ, ಏನಂತೀರಿ!" ಎಂದಳು ಕಾಂಚನಾ.

"ಜಡ್ಡಿನವರ ಸೇವಾ ಮಾಡಂತ ಬಸದ್ಯಾಗ ದಿನಾ ಕೇಳ್ತೇವಿ. ಕೇಳಿ ಮನಿಗೆ ಬಂದ ಮಕ್ಕೊಂತೇವಿ. ಇಕಿ ಒಬ್ಬಾಕಿ ಖರೆ ಮಾಡತೇನಿ ಅಂತಾಳ. ಆದರ ಬ್ರಾಹ್ಮಿ, ನಂದೊಂದ ಮಾತೈತಿ. ಹೊತ್ತ ಮುಳಗೂದರೊಳಗ ಉಣ್ಣಬೇಕು. ಮುಳಗಿದ ಮ್ಯಾಲ ಒಂದ ತುತ್ತ ಬಾಯಾಗ ಹೋತಂದ್ರ, ಮರುದಿನದಿಂದ ಅಲ್ಲಿ ಕೆಲಸಾ ಬಂದ್."

"ಅವ್ವ ಹೇಳಿದ್ದ ನನ್ನ ಮಾತೂ," ಎಂದು ನೇಮಿರಾಜ ತಕ್ಷಣ ಅದಕ್ಕೆ ಜೋತುಬಿದ್ದ. "ಒಂದ ತುತ್ತು. ನೆನಪಿಟ್ಟಕೋ."

ಷರತ್ತು ಹೊಸದೇನಲ್ಲ. ಆಯಿ ಸೊಸೆಯಾಗಿ ಬಂದ ದಿನದಿಂದ ಆ ಮನೆಯ ಒಲೆ ಹೊತ್ತು ಮುಳುಗಿದ ಮೇಲೆ ಹೊತ್ತಿದ್ದಿಲ್ಲ. ಬೀಗರು ಬಂದರೂ ಅಷ್ಟೇ, ಹಬ್ಬ ಬಂದರೂ ಅಷ್ಟೇ. ಕತ್ತಲಾದ ಮೇಲೆ ಚಿಕ್ಕವರು ನೀರು ಕುಡಿಯಬಹುದಿತ್ತು, ಆಯಿ ಅದನ್ನೂ ಕುಡಿಯುತ್ತಿರಲಿಲ್ಲ. ಡ್ಯೂಟಿ ಬೆಳಗ್ಗೆ ಎಂಟರಿಂದ ಎರಡರವರೆಗೆ ಎಂದು ಮೆಸೇಜಿನಲ್ಲಿತ್ತು. ಬ್ರಾಹ್ಮಿ ಜಿಗಿದೆದ್ದು ಎಂಜಲು ಕೈಯಲ್ಲೇ ಆಯಿಯನ್ನು ತಬ್ಬಿಕೊಂಡಳು.

"ಹುಚ್ಚ ಖೋಡಿ, ಸೀರಿ ಹೊಲಸ ಮಾಡಿದಿ!" ಎಂದು ಆಯಿ ಬೈದಳು. ಕಾಂಚನಾ ಒಲೆಯ ಮುಂದೆ ಹೋಗಿ ಕೂತು ರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಂಡಳು. ಆವತ್ತಿನ ರೊಟ್ಟಿ ಬಹಳ ತೆಳ್ಳಗೆ ಬಂದವು.

ಬ್ರಾಹ್ಮಿಗೆ ಅಂಗಳದಾಚೆಯ ಬೆಲ್ಲದ ಕೋಣೆ ಖಾಲಿ ಮಾಡಿಕೊಟ್ಟರು. ಖಾಲಿ ಎಂದರೆ ಬೆಲ್ಲದ ದಪ್ಪ ದಪ್ಪ ಪೆಂಟೆಗಳನ್ನು ಒಂದು ಗೋಡೆಗೆ ಸರಿಸಿ ನಡುವೆ ಹೊರಸು ಹಾಕಿದರು. ಡ್ಯೂಟಿಯಿಂದ ಬಂದವಳು ಹಿತ್ತಲ ಬಾಗಿಲಿನಿಂದ ಒಳಬಂದು, ಬಟ್ಟೆಯನ್ನು ಸೋಪಿನ ನೀರಲ್ಲಿ ನೆನೆಹಾಕಿ, ಬಚ್ಚಲಲ್ಲಿ ತಲೆತುಂಬ ಎರೆದುಕೊಂಡು ಆ ಕೋಣೆ ಸೇರಬೇಕು. ತಟ್ಟೆಯನ್ನು ಕಾಂಚನಾ ಹೊಸ್ತಿಲ ಹೊರಗಿಟ್ಟು ಹಿಂದೆ ಸರಿಯಬೇಕು. ಮನೆಯವರು ಅಂಗಳದ ಈಚೆಯ ಕಟ್ಟೆಯ ಮೇಲೆ, ಅವಳು ಆಚೆಯ ಹೊಸ್ತಿಲ ಮೇಲೆ. ನಡುವೆ ಹತ್ತು ಮಾರು ಜಾಗ, ಆ ಜಾಗದ ತುಂಬ ಮಾತು.

"ಅಕ್ಕಾ, ಕಿಟ್ ಹಾಕ್ಕೊಂಡ್ರ ಹೆಂಗ ಆಕ್ಕೈತಿ?" ಮೊದಲ ದಿನವೇ ಮಾನಸಿಯ ವಿಚಾರಣೆ.

"ಕುಕ್ಕರಿನ್ಯಾಗ ಕುಂತಂಗ. ಮ್ಯಾಲಿಂದ ಕಾಲತನಕ ಬಿಳಿ ಚೀಲ. ಯಾರ ಯಾರ ಅಂತ ಗೊತ್ತಾಗಂಗಿಲ್ಲ, ಅದಕ್ಕ ಬೆನ್ನ ಮ್ಯಾಲ ಪೆನ್ನಿಲೆ ಹೆಸರ ಬರೀತಾರ. ಕಾವ್ಯಾ ನನ್ನ ಬೆನ್ನ ಮ್ಯಾಲ ಬ್ರಾಹ್ಮಿ ಬರೆಯೂ ಬದಲಿ ಬೆಲ್ಲದ ಅಂಗಡಿ ಅಂತ ಬರದಿದ್ಲು. ಆರ ತಾಸ ಅದನ್ನ ಹೊತ್ಕೊಂಡ ತಿರಗೇನಿ!"

ಕಾವ್ಯ ಅವಳ ಕ್ಲಾಸಿನವಳೇ, ಊರಿನ ನೇಕಾರರ ಮನೆಯ ಹುಡುಗಿ. ಇಬ್ಬರೂ ಕಾವ್ಯಳ ಸ್ಕೂಟಿಯ ಮೇಲೆ ಹೋಗಿಬರುತ್ತಿದ್ದರು. ನಿರ್ಜನ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಮಾಡಿ, ಕೋವಿಡ್ ಡ್ಯೂಟಿ ಎಂದು ಕೇಳಿದ ಕೂಡಲೇ ದಾರಿ ಬಿಡುತ್ತಿದ್ದರು. ಇಪ್ಪತ್ತೊಂದು ವರ್ಷದ ಹುಡುಗಿಗೆ ಅದೇನು ಕಡಿಮೆ ಸಂಭ್ರಮವೇ? ಬ್ರಾಹ್ಮಿ ಎರಡು ದಿನ ಬೇಕಂತಲೇ ಪೊಲೀಸರಿದ್ದ ದಾರಿಗೇ ಸ್ಕೂಟಿ ಹೊರಳಿಸಲು ಹೇಳಿದಳು.

ವಾರ್ಡಿನಲ್ಲಿ ಮೊದಮೊದಲು ಸೂಜಿ ಗುರಿ ತಪ್ಪಿತು. ಎರಡೆರಡು ಗ್ಲೌಸ್ ಹಾಕಿಕೊಂಡು ನರ ಹುಡುಕುವುದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಹಿರಿಯ ನರ್ಸು ಶೈಲಾ ಸಿಸ್ಟರ್ ಪಕ್ಕದಲ್ಲಿ ನಿಂತು ಗದರಿಸಿ ಗದರಿಸಿ ಮಾಡಿಸಿದರು. ಮೂರನೆಯ ದಿನ ಒಂದೇ ಚುಚ್ಚಿಗೆ ಸಲೈನ್ ಹತ್ತಿದಾಗ ಬ್ರಾಹ್ಮಿ ಕಿಟ್ಟಿನೊಳಗೇ ಕುಣಿದುಬಿಟ್ಟಳು. ಆ ಕೈ ಗಲಗಲಿಯ ಅಪ್ಪಾಸಾಬನದು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವ ದೊಡ್ಡ ಆಳು, ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಮೂಲೆ ಮಂಚದ ಮೇಲೆ ಮುದುಡಿದ್ದ.

"ಅಪ್ಪಾಸಾಬ ಕಾಕಾ, ಮಕಾಡೆ ಮಲಗ್ರಿ. ಉಸರ ಛಲೋ ಆಡತೈತಿ."

"ಏ ಬಿಳಿ ಚೀಲಾ, ನಮ್ಮವ್ವ ಸತ್ತ ಮ್ಯಾಲ ನನ್ನ ಹಿಂಗ ಮಲಗು ಹಂಗ ಮಲಗು ಅಂದವರ ಯಾರೂ ಇಲ್ಲ ನೋಡು."

"ಈಗ ನಾ ಅನ್ನಾಕತ್ತೇನಿ. ಮಲಗ್ರಿ."

ಆತ ಮಲಗಿದ. ಅರ್ಧ ತಾಸಿನಲ್ಲಿ ಬೆರಳಿಗೆ ಹಾಕಿದ ಮಷಿನ್ನಿನ ಅಂಕಿ ನಾಲ್ಕು ಮೇಲಕ್ಕೆ ಹತ್ತಿತು. ಬ್ರಾಹ್ಮಿ ಅದನ್ನು ಮನೆಗೆ ಬಂದು ಪರೀಕ್ಷೆಯಲ್ಲಿ ತಾನೇ ಪಾಸಾದವಳಂತೆ ಹೇಳಿದಳು. ಮರುದಿನದಿಂದ ಅಂಗಳದ ಈಚೆಯಿಂದ ಮೊದಲ ಪ್ರಶ್ನೆ ಆಯಿಯದೇ. "ನಮ್ಮ ಅಪ್ಪಾಸಾಬಂದ ಎಷ್ಟ ಆತಿವತ್ತ?" ಎಂದು ಅವಳು ಬೆಲ್ಲದ ದರ ಕೇಳಿದ ಹಾಗೆ ಕೇಳುತ್ತಿದ್ದಳು.

ನೇಮಿರಾಜನದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮನೆಯಲ್ಲಿ, "ಏನ್ ಸೇವಾನೋ ಏನೋ, ನನ್ನ ಜೀವಕ್ಕ ಸಮಾಧಾನಿಲ್ಲ" ಎನ್ನುವನು. ಬೆಳಗ್ಗೆ ಹತ್ತರವರೆಗೆ ಅಂಗಡಿ ತೆರೆಯಲು ಅನುಮತಿಯಿತ್ತಲ್ಲ, ಅಲ್ಲಿ ಬಂದ ಗಿರಾಕಿಗೆಲ್ಲ, "ನಮ್ಮ ಹುಡುಗಿ ವಾರ್ಡಿನ್ಯಾಗ ಅದಾಳ್ರಿ, ಏನರ ಬೇಕಾದ್ರ ಹೇಳ್ರಿ" ಎಂದು ತಾನಾಗಿ ಹೇಳುವನು. ಇದರಿಂದ ನಾಲ್ವರು ಗಿರಾಕಿಗಳು ಬೆಲ್ಲ ಕೊಳ್ಳದೆ ದೂರ ಸರಿದರು. ಹಾಲು ಹಾಕುವ ಭಾಗವ್ವ ಚರಿಗೆಯನ್ನು ರಸ್ತೆಯ ಆಚೆಯ ಕಲ್ಲಿನ ಮೇಲಿಟ್ಟು ಅಲ್ಲಿಂದಲೇ ಕೂಗಿ ಓಡಿಹೋಗುತ್ತಿದ್ದಳು. ಆಕೆ ಅತ್ತ ಹೋದ ಕೂಡಲೇ ಬೆಕ್ಕು ಇತ್ತ ಬರುತ್ತಿತ್ತು. ಹಾಲಿಗಾಗಿ ಕಾಂಚನಾ ಬೆಕ್ಕಿನ ಜೊತೆ ದಿನವೂ ಓಟದ ಪಂದ್ಯ ಹೂಡಬೇಕಾಯಿತು.

ಹೀಗೆ ಮೊದಲ ವಾರ ಹಬ್ಬದಂತೆ ಕಳೆಯಿತು. ಎರಡನೆಯ ವಾರದ ಮೊದಲ ದಿನ ಬ್ರಾಹ್ಮಿ ಮುಖ ಸಣ್ಣದು ಮಾಡಿಕೊಂಡು ಬಂದಳು.

"ನಾಳಿಂದ ನಂದು ಎರಡರಿಂದ ಎಂಟು."

ಕಟ್ಟೆಯ ಮೇಲೆ ಹಿರಿಯರು ಮೂವರೂ ಮುಖ ಮುಖ ನೋಡಿಕೊಂಡರು. ಹೊತ್ತು ಮುಳುಗುತ್ತಿದ್ದುದು ಏಳರ ಸುಮಾರಿಗೆ. ಒಮ್ಮೆ ಕಿಟ್ ಹಾಕಿಕೊಂಡರೆ ಎಂಟರವರೆಗೆ ತೆಗೆಯುವಂತಿಲ್ಲ, ಬಾಯಿಗೆ ಏನೂ ಹಾಕುವಂತಿಲ್ಲ.

"ಬದಲ ಮಾಡಿಸ್ಕೋ," ಎಂದ ನೇಮಿರಾಜ.

"ಕೇಳಿದೆ. ಪಾಳಿ ಎಲ್ಲಾರಿಗೂ ತಿರಗಿ ಬರತೈತಿ, ಒಬ್ಬಾಕಿ ಸಲವಾಗಿ ಹೊತ್ತ ನಿಲ್ಲಂಗಿಲ್ಲ ಅಂದ್ರು ಶೈಲಾ ಸಿಸ್ಟರ್."

"ಹಂಗಾರ ಮುಗೀತು. ವಾರ ಮಾಡಿದಿ, ಸಾಕು. ನಾಳಿಂದ ಮನ್ಯಾಗಿರು."

"ಅಪ್ಪಾ, ಹೊತ್ತ ಮುಳಗಿದ ಮ್ಯಾಲ ಉಣ್ಣಬ್ಯಾಡ ಅಂದೀರಿ. ಉಣ್ಣಂಗಿಲ್ಲ. ಒಂದಕ್ಕ ಉಂಡ ಹೋಗ್ತೇನಿ, ಮರುದಿನ ಮುಂಜಾನೆ ಉಣ್ತೇನಿ. ನಿಮ್ಮ ಮಾತೂ ಉಳೀತು, ನನ್ನ ಡ್ಯೂಟೀನೂ ಉಳೀತು."

"ಹರೇದ ಹುಡುಗಿ!" ಕಾಂಚನಾ ಕಿರುಚಿದಳು. "ಆರ ತಾಸ ಆ ಚೀಲದಾಗ ಬೆವತ ಬರೂದು, ಬಂದ ಖಾಲಿ ಹೊಟ್ಟೀಲೆ ಬೀಳೂದು! ಅತ್ತಿ, ಒಂದ ಮಾತ ಹೇಳ್ರಿ. ಒಂದ ಹದಿನೈದ ದಿನದ ಮಟ್ಟಿಗೆ..."

"ಹದಿನೈದ ದಿನಕ್ಕ ಬ್ಯಾರೆ ಧರ್ಮ ಇರತೈತೇನ ಕಾಂಚನಾ?" ಆಯಿ ಕೇಳಿದಳು. "ನನಗ ಇಕಿಯಷ್ಟ ವಯಸ್ಸಿದ್ದಾಗ ದಶಲಕ್ಷಣ ಪರ್ವದಾಗ ಹತ್ತೂ ದಿನಾ ಒಪ್ಪೊತ್ತು ಮಾಡೇನಿ. ಹೊಲಕ್ಕೂ ಹೋಗೇನಿ."

"ಹೊಲದಾಗ ಈ ಚೀಲಾ ಹಾಕ್ಕೊಂಡಿದ್ರೇನ್ರಿ?"

"ಅವ್ವಾ, ಬಿಡಬೇ," ಎಂದಳು ಬ್ರಾಹ್ಮಿ ಅಂಗಳದಾಚೆಯಿಂದ. "ನನಗ ಅಡ್ಡಿಯಿಲ್ಲ. ವಾರ್ಡ ಒಂದ ಬಿಡಸಬ್ಯಾಡ್ರಿ, ಅಷ್ಟ ಸಾಕು."

ಹಾಗೆಂದಳು, ಹಾಗೆಯೇ ನಡೆದಳು. ಮಧ್ಯಾಹ್ನ ಒಂದಕ್ಕೆ ಹೊಟ್ಟೆ ಬಿರಿಯುವಷ್ಟು ಉಂಡು ಹೋಗುವುದು, ರಾತ್ರಿ ಎಂಟೂವರೆಗೆ ಬಂದು ಸ್ನಾನ ಮಾಡಿ, ತಂಬಿಗೆ ನೀರು ಕುಡಿದು ಬೆಲ್ಲದ ಪೆಂಟೆಗಳ ನಡುವೆ ಮಲಗುವುದು. ಸುತ್ತಲೂ ಬೆಲ್ಲದ ಘಮ, ಹೊಟ್ಟೆಯಲ್ಲಿ ತಾಳಮದ್ದಳೆ. ವಾರ್ಡಿನಲ್ಲಿ ಕಿಟ್ ಬಿಚ್ಚಿದ ಮೇಲೆ ಶೈಲಾ ಸಿಸ್ಟರ್ ಎಲ್ಲರಿಗೂ ಬಿಸ್ಕೀಟು ಹಂಚುತ್ತಿದ್ದರು. ಬ್ರಾಹ್ಮಿ ತನ್ನ ಪಾಲನ್ನು ಕಾವ್ಯಳ ಕೈಗಿಡುತ್ತಿದ್ದಳು.

"ಇಲ್ಲೆ ಯಾರ ನೋಡ್ತಾರ, ತಿನ್ನಲೇ," ಎನ್ನುತ್ತಿದ್ದಳು ಕಾವ್ಯ.

"ಆಯಿ ಕೇಳತಾಳ. ನನಗ ಸುಳ್ಳ ಹೇಳಾಕ ಬರಂಗಿಲ್ಲ."

ಇತ್ತ ಮನೆಯಲ್ಲಿ ಬೇರೆಯೇ ಆಟ ಶುರುವಾಯಿತು. ಎರಡನೆಯ ಸಂಜೆ ಆರಕ್ಕೆ ಆಯಿ ರೂಢಿಯಂತೆ ಸಕ್ಕರೆ ರೋಗದ ಗುಳಿಗೆ ನುಂಗಿ ಮಣೆಯ ಮೇಲೆ ಕೂತಳು. ಕಾಂಚನಾ ತಟ್ಟೆ ಇಟ್ಟಳು. ಆಯಿ ರೊಟ್ಟಿ ಮುರಿದಳು, ಅಂಗಳದಾಚೆಯ ಕೋಣೆಗೆ ಹಾಕಿದ ಚಿಲಕ ನೋಡಿದಳು, ಮುರಿದ ರೊಟ್ಟಿಯನ್ನು ಕೆಳಗಿಟ್ಟಳು.

"ಯಾಕ್ರಿ ಅತ್ತಿ?"

"ಹಸಿವಿಲ್ಲ. ತಗಿ."

ಹಸಿವಿಲ್ಲದೆ ಏನು? ಮೊಮ್ಮಗಳು ಉಪವಾಸ ಮಲಗುವಾಗ ಅಜ್ಜಿಗೆ ತುತ್ತು ಇಳಿಯಲಿಲ್ಲ. ಹಾಗಂತ ಷರತ್ತು ಸಡಿಲಿಸಲೂ ಮನಸ್ಸಿಲ್ಲ. ಗುಳಿಗೆಯ ವೇಳೆ ತಪ್ಪಿಸುವ ಹೆಂಗಸೂ ಅವಳಲ್ಲ, ಡಾಕ್ಟರು ಆರಕ್ಕೆ ಅಂದರೆ ಆರಕ್ಕೆ. ಹೀಗಾಗಿ ಗುಳಿಗೆಯೊಂದೇ ಹೊಟ್ಟೆಗೆ ಹೋಯಿತು.

ಅತ್ತೆ ಉಣ್ಣದೆ ಎದ್ದ ಮೇಲೆ ಸೊಸೆ ಉಂಡಾಳೆಯೇ? ಕಾಂಚನಾಳ ಉಪವಾಸದಲ್ಲಿ ಮಗಳ ಮೇಲಿನ ಕರುಳು ಅರ್ಧ, ಅತ್ತೆಯ ಮೇಲಿನ ಸಿಟ್ಟು ಅರ್ಧ. "ನನಗೂ ಹಸಿವಿಲ್ಲ" ಎಂದು ಸೆರಗು ಕೊಡವಿದಳು. ನೇಮಿರಾಜ ಒಬ್ಬನೇ ಕೂತು ಅರ್ಧ ರೊಟ್ಟಿ ತಿಂದ. ಎರಡು ಹೆಂಗಸರು ಎರಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಯಾವ ಗಂಡಸಿಗೆ ಊಟ ಸೇರುತ್ತದೆ? ಮರುದಿನ ಸಂಜೆ ಅವನಿಗೂ ಹಸಿವಿರಲಿಲ್ಲ. ಇದನ್ನೆಲ್ಲ ಬ್ರಾಹ್ಮಿಗೆ ಹೇಳಕೂಡದೆಂದು ಮಾನಸಿಗೆ ಮೂವರೂ ಬೇರೆ ಬೇರೆಯಾಗಿ ಎಚ್ಚರಿಕೆ ಕೊಟ್ಟರು. ಮಾನಸಿ ಒಬ್ಬಳೇ ಹೊತ್ತು ಮುಳುಗುವ ಮೊದಲು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಾಲ್ವರ ಪಾಲಿನ ಪಲ್ಯ ತಿಂದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ಮನೆಯಲ್ಲಿ ಯಾರೂ ಉಣ್ಣದ್ದರಿಂದ ಜಗಳ ಮುಗಿಯಲು ದಾರಿಯೇ ಇಲ್ಲದಾಯಿತು.

"ನಿಮ್ಮ ಅವ್ವಗ ನೀವ ಹೇಳ್ರಿ."

"ನಿನ್ನ ಮಗಳಿಗೆ ನೀ ಹೇಳು."

"ಮಗಳು ನನಗೊಬ್ಬಾಕಿಗೇ ಹುಟ್ಯಾಳೇನು?"

"ಅವ್ವ ನನಗೊಬ್ಬಗ ಅತ್ತಿ ಆಗ್ಯಾಳೇನು?" ಎಂದುಬಿಟ್ಟು, ತಾನು ಏನಂದೆನೆಂದು ನೇಮಿರಾಜನಿಗೇ ತಿಳಿಯದೆ ತಲೆ ಕೆರೆದುಕೊಂಡ.

ನಾಲ್ಕನೆಯ ದಿನ ಬ್ರಾಹ್ಮಿ ಹಿತ್ತಲ ಬಾಗಿಲನ್ನು ದೂಡಿಕೊಂಡು ಬಂದದ್ದೇ ಕೂಗುತ್ತ ಬಂದಳು. "ಆಯೀ! ಅಪ್ಪಾಸಾಬ ಕಾಕಾಗ ಆಕ್ಸಿಜನ್ ತಗದ್ರು! ಹಂಗ ಗಾಳ್ಯಾಗ ತೊಂಬತ್ತೈದ ಐತಿ! ಎಲ್ಲಾರೂ ಚಪ್ಪಾಳಿ ಹೊಡದ್ವಿ, ಶೈಲಾ ಸಿಸ್ಟರ್ ಸೈತ!"

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮಾನಸಿ ಒಳಗಿನಿಂದ ಓಡಿಬಂದಳು. "ಅಕ್ಕಾ, ಆಯಿ ಹೆಂಗೆಂಗೋ ಮಾಡಾಕತ್ತಾಳ! ಏನೇನರ ಮಾತಾಡ್ತಾಳ!"

ಬ್ರಾಹ್ಮಿ ಅಂಗಳ ದಾಟಿ ನಡುಮನೆಯ ಬಾಗಿಲವರೆಗೆ ಓಡಿ ಅಲ್ಲಿಗೇ ಗಕ್ಕನೆ ನಿಂತಳು. ಮೈಮೇಲಿನ ಬಟ್ಟೆ ವಾರ್ಡಿನದು, ಸ್ನಾನ ಆಗಿಲ್ಲ, ಒಳಗೆ ಕಾಲಿಡುವಂತಿಲ್ಲ. ಒಳಗೆ ಹಾಸಿಗೆಯ ಮೇಲೆ ಆಯಿ ಗೋಡೆಗೆ ಒರಗಿ ಕೂತಿದ್ದಳು, ತಲೆ ತೂಗುತ್ತಿತ್ತು.

"ನೋಡು, ನಿನ್ನ ವಾರ್ಡಿನ ಜಡ್ಡು ಮನಿಗೆ ಬಂತು!" ಕಾಂಚನಾ ಅಳುತ್ತಿದ್ದಳು. ನೇಮಿರಾಜ ಫೋನ್ ಹಿಡಿದು ಅಂಬುಲೆನ್ಸಿನ ನಂಬರು ತಪ್ಪು ತಪ್ಪಾಗಿ ಒತ್ತುತ್ತಿದ್ದ.

ಬ್ರಾಹ್ಮಿಯ ದನಿಯೇ ಬೇರೆಯಾಯಿತು. "ಅವ್ವಾ, ಅಳೂದ ನಿಂದರಸು. ಹಣಿ ಮುಟ್ಟಿ ನೋಡು. ಜ್ವರ ಐತೇನು?"

"ಇಲ್ಲ... ತಣ್ಣಗೈತಿ. ಬೆವತ ತೊಪ್ಪಿ ಆಗ್ಯಾಳ."

"ಕೈ?"

"ನಡಗಾಕತ್ತಾವು."

"ಸಕ್ಕರಿ ಗುಳಿಗಿ ತಗೊಂಡಾಳೇನು?"

"ಆರಕ್ಕ ತಗೊಂಡಾಳ."

"ಮತ್ತ ಏನ್ ಉಂಡಾಳ?"

ಕಾಂಚನಾ ಸೆರಗಿನಿಂದ ಕಣ್ಣೊರೆಸಿಕೊಂಡು ನೇಮಿರಾಜನ ಕಡೆ ನೋಡಿದಳು.

"ಏನ್ ಉಂಡಾಳ ಅಂತ ಕೇಳಾಕತ್ತೇನಿ!"

"ಸಂಜೀಕ ಯಾರೂ ಉಣ್ಣಾಕತ್ತಿಲ್ಲಕ್ಕಾ," ಎಂದಳು ಮಾನಸಿ. "ನೀ ಉಣ್ಣಂಗಿಲ್ಲ ಅಂತ ಆಯಿ ಬಿಟ್ಲು, ಆಯಿ ಬಿಟ್ಲಂತ ಅವ್ವ ಬಿಟ್ಲು, ಅಪ್ಪಾನೂ ಬಿಟ್ಟ. ನಿನಗ ಹೇಳಬ್ಯಾಡ ಅಂದಿದ್ರು."

ಬ್ರಾಹ್ಮಿಗೆ ಸಿಟ್ಟು, ಅಳು ಎರಡೂ ಒಮ್ಮೆಲೇ ಬಂದವು. ಎರಡಕ್ಕೂ ಆಗ ಹೊತ್ತಿರಲಿಲ್ಲ.

"ಸಕ್ಕರಿ ಇಳದೈತಿ. ಕೋವಿಡ್ ಅಲ್ಲ, ಏನಲ್ಲ. ಅವ್ವಾ, ಬೆಲ್ಲಾ ಕಲಸಿ ನೀರ ತಾ. ಗಟ್ಟಿ ಇರಲಿ. ಓಡು!"

ಕಾಂಚನಾ ಲೋಟ ತಂದಳು. ತಂದವಳು ಅತ್ತೆಯ ಮುಖದ ಮುಂದೆ ಕೈ ತಡೆದು ನಿಂತಳು. "ಹೊತ್ತ ಮುಳಗೈತಲ್ಲ ಬ್ರಾಹ್ಮಿ... ಇವರು ಕತ್ತಲಾದ ಮ್ಯಾಲ ನೀರ ಸೈತ ಮುಟ್ಟಿಲ್ಲ. ನನ್ನ ಕೈಲೆ ಹೆಂಗ..." ಆಯಿಗೆ ಯಾವುದೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಆದರೆ ಲೋಟ ತುಟಿಗೆ ತಾಗಿದ್ದು ತಿಳಿಯಿತು. ಹಲ್ಲು ಕಚ್ಚಿ ಮುಖ ತಿರುಗಿಸಿದಳು. "ಹೊತ್ತು... ಹೊತ್ತು..." ಎಂದು ತೊದಲಿದಳು.

"ಅಪ್ಪಾ!" ಬ್ರಾಹ್ಮಿ ಹೊಸ್ತಿಲಾಚೆಯಿಂದ ಕೂಗಿದಳು. "ಫೋನ್ ಇಡು. ಲೋಟ ನೀ ತಗೋ. ಚಮಚಲೆ ಕುಡಸು. ನುಂಗಿದ್ದ ನೋಡಿ ಮುಂದಿನ ಚಮಚ."

ನೇಮಿರಾಜ ಮಗಳ ಮುಖ ನೋಡಿದ. ಈ ದನಿಯನ್ನು ಅವನು ಹಿಂದೆ ಕೇಳಿರಲಿಲ್ಲ. ಫೋನ್ ಇಟ್ಟು, ತಾಯಿಯ ತಲೆಯನ್ನು ಎದೆಗೆ ಆನಿಸಿಕೊಂಡು ಕೂತ. "ಯವ್ವಾ, ನಾ ನೇಮೂ. ಬಾಯಿ ತಗಿ. ನನ್ನ ಮಾತ ಕೇಳು, ಬಾಯಿ ತಗಿ ನಮ್ಮವ್ವಾ." ಅವನ ಕಣ್ಣಲ್ಲಿ ದಳದಳ ನೀರು. ಒಂದು ತುತ್ತು ಹೋದರೆ ಕೆಲಸ ಬಂದ್ ಎಂದು ಮಗಳಿಗೆ ತಾಕೀತು ಮಾಡಿದ ಮನುಷ್ಯ ಈಗ ತಾಯಿಯ ಬಾಯಿಗೆ ಒಂದೊಂದೇ ಚಮಚ ಬೆಲ್ಲದ ನೀರು ಬಿಟ್ಟ. ಮೊದಲನೆಯದು ಗಲ್ಲದ ಮೇಲೆ ಹರಿಯಿತು. ಎರಡನೆಯದು ಒಳಗಿಳಿಯಿತು. ಮೂರನೆಯದಕ್ಕೆ ಅವಳೇ ಬಾಯಿ ತೆರೆದಳು.

"ನುಂಗಿದ್ಲು!" ಮಾನಸಿ ಚೀರಿದಳು.

"ನಿಲ್ಲಬ್ಯಾಡ, ಇನ್ನೂ ಹಾಕು," ಎಂದಳು ಬ್ರಾಹ್ಮಿ.

ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಆಯಿಯ ಕೈ ನಡುಕ ನಿಂತಿತು. ಕಣ್ಣು ಒಬ್ಬೊಬ್ಬರನ್ನೇ ಗುರುತಿಸುತ್ತ ಬಂದು ಬಾಗಿಲಲ್ಲಿದ್ದ ಬ್ರಾಹ್ಮಿಯ ಮೇಲೆ ನಿಂತಿತು. ನಾಲಿಗೆಯಿಂದ ತುಟಿ ಸವರಿಕೊಂಡಳು. ಕಿಟಕಿಯಾಚೆಯ ಕತ್ತಲು ನೋಡಿದಳು.

"ಬಾಯಿ ಸೀ ಐತಿ."

"ಬೆಲ್ಲದ ನೀರ ಕುಡಸೇವಿ ಆಯಿ. ನಾನ ಕುಡಸು ಅಂದೆ."

"ಔಷಧ ಅಂತ ತಿಳಿಯವ್ವಾ," ನೇಮಿರಾಜ ಅವಸರದಲ್ಲಿ ಹೇಳಿದ. "ಔಷಧಕ್ಕ ದೋಷ ಇಲ್ಲ."

ಆಯಿ ಮ್ಮ್ ಎಂದಳು, ಅಷ್ಟೇ. ಮುಖ ಕಲ್ಲಾಯಿತು. ಬ್ರಾಹ್ಮಿ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತಳು.

"ಆಯಿ, ಇನ್ನೂ ಮುಗದಿಲ್ಲ. ಬರೇ ಬೆಲ್ಲಕ್ಕ ನಿಲ್ಲಂಗಿಲ್ಲ, ಸಕ್ಕರಿ ಮತ್ತ ಇಳೀತೈತಿ. ಈಗ ರೊಟ್ಟಿನೋ ಅನ್ನಾನೋ ಹೊಟ್ಟಿಗೆ ಬೀಳಬೇಕು. ನನ್ನ ಸಲವಾಗಿ ನೀ ಉಪಾಸ ಬಿದ್ದಿ, ಅದಕ್ಕ ಹಿಂಗಾತು. ನಾಳಿಂದ ನಾ ವಾರ್ಡಿಗೆ ಹೋಗಂಗಿಲ್ಲ. ಈಗ ಶೈಲಾ ಸಿಸ್ಟರಿಗೆ ಫೋನ್ ಮಾಡಿ ಹೇಳ್ತೇನಿ. ನೀ ಉಣ್ಣು." ವಾರ್ಡು ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ಆ ದನಿಯಲ್ಲೇ ಎಲ್ಲರಿಗೂ ಕೇಳಿಸಿತು.

ಅವಳು ಫೋನ್ ತೆಗೆದಳು. ಆಯಿ ನೋಡುತ್ತಿದ್ದಳು.

"ಅಪ್ಪಾಸಾಬಗ ಏನಾತು?"

ಬ್ರಾಹ್ಮಿ ಮೂಗೊರೆಸಿಕೊಂಡಳು. "ಆಕ್ಸಿಜನ್ ತಗದ್ರು. ತೊಂಬತ್ತೈದು. ಸಂಡಾಸಕ್ಕ ಒಬ್ಬನ ನಡಕೊಂಡ ಹೋಗಿ ಬಂದ. ಬಿಳಿ ಚೀಲಾ, ನೋಡಿಲ್ಲೆ ಅಂತ ಒದರಾಡಕೋತ ಹೋದ."

ಆಯಿಯ ಮುಖದ ಮೇಲೆ ನಗು ಸಣ್ಣಗೆ ಬಂತು, ಆಮೇಲೆ ಪೂರ್ತಿ ಬಂತು. "ಒದರಾಡಕೋತ ಹೋದ? ಬೇಶ್!" ಎಂದಳು. "ನೀ ಏನ್ ಉಂಡಿ?"

"ಮಧ್ಯಾಹ್ನ ಉಂಡೇನಿ."

"ಫೋನ್ ಒಳಗಿಡು. ಕಾಂಚನಾ, ಒಲಿ ಹಚ್ಚು."

ಕಾಂಚನಾ ನಿಂತಲ್ಲೇ ನಿಂತಳು.

"ಕಿವಿ ಕೇಳಸಾಂಗಿಲ್ಲೇನು? ಒಲಿ ಹಚ್ಚು. ರೊಟ್ಟಿ ಮಾಡು. ಎಲ್ಲಾರಿಗೂ ಮಾಡು."

"ಔಷಧ ಅಂತ..." ನೇಮಿರಾಜ ಮತ್ತೆ ಶುರು ಮಾಡಿದ.

"ಸುಮ್ಮಿರೋ ನೇಮೂ. ಬೆಲ್ಲದ ನೀರ ಔಷಧ ಅಂದಿ, ಆತು ಅಂದೆ. ರೊಟ್ಟಿಗೆ ನೆವ ಬ್ಯಾಡ. ರೊಟ್ಟಿ ರೊಟ್ಟಿನ, ದೋಷ ದೋಷನ. ಅದು ನನಗಿರಲಿ." ಅವಳು ಬ್ರಾಹ್ಮಿಯ ಕಡೆ ತಿರುಗಿದಳು. "ನೀ ಉಣ್ಣೂ ರೊಟ್ಟೀದೂ ನನಗಿರಲಿ. ಮುನಿ ಮಹಾರಾಜರು ಊರಿಗೆ ಬಂದಾಗ ಅವರ ಮುಂದ ಕುಂತು, ನಿಂದೂ ನಂದೂ ಕೂಡಿಸಿ ಹೇಳಕೊಂಡು ಪ್ರಾಯಶ್ಚಿತ್ತ ತಗೋತೇನಿ. ಎಷ್ಟ ಉಪಾಸ ಹೇಳ್ತಾರೋ ಅಷ್ಟ ಮಾಡತೇನಿ."

"ಉಪಾಸ ಮಾಡಾಕ ನಾ ಬಿಡಂಗಿಲ್ಲ!" ಎಂದಳು ಬ್ರಾಹ್ಮಿ.

"ಆವಾಗ ಜಗಳಾಡೂಣು. ಈಗ ಹೋಗಿ ಜಳಕಾ ಮಾಡು, ಹೊಲಸ ನಾರಾಕತ್ತಿ. ನಾಳಿ ಎರಡಕ್ಕ ಹೋಗು, ಎಂಟಕ್ಕ ಬಾ. ಬಿಸಿ ರೊಟ್ಟಿ ಇರತೈತಿ."

ಬ್ರಾಹ್ಮಿ ಬಚ್ಚಲಿಗೆ ಓಡಿದಳು. ಒಳಗೆ ಕಾಂಚನಾ ಹಿಟ್ಟು ನಾದಿ ಬಡಿಯಲು ಶುರು ಮಾಡಿದಳು. ಮಗ್ಗಗಳ ಸದ್ದೂ ಇಲ್ಲದ ಆ ಊರಿನಲ್ಲಿ ರೊಟ್ಟಿ ಬಡಿಯುವ ಸದ್ದು ಎರಡು ಓಣಿಗೆ ಕೇಳಿಸಿತು. ಮೊದಲ ರೊಟ್ಟಿಯನ್ನು ಆಯಿ ಹಾಲಲ್ಲಿ ಮುರಿದು ಬಾಯಿಗಿಟ್ಟಳು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ನುಂಗಿದಳು. ಎರಡನೆಯದು ಅಂಗಳ ದಾಟಿ ಬೆಲ್ಲದ ಕೋಣೆಯ ಹೊಸ್ತಿಲಿಗೆ ಹೋಯಿತು. ಒದ್ದೆ ತಲೆಯ ಬ್ರಾಹ್ಮಿ ಅದನ್ನು ಪಲ್ಯ ಬರುವವರೆಗೂ ಕಾಯದೆ ತಿಂದಳು.

ಪಕ್ಕದ ಮನೆಯ ಮುತ್ತಣ್ಣ ಗಾಬರಿಯಿಂದ ಗೋಡೆಯ ಮೇಲೆ ಕತ್ತು ಚಾಚಿದ. ಇಷ್ಟು ವರ್ಷದಲ್ಲಿ ಆ ಮನೆಯ ಅಡುಗೆಮನೆಯಲ್ಲಿ ಕತ್ತಲಾದ ಮೇಲೆ ದೀಪ ಕಂಡವನಲ್ಲ ಅವನು.

"ನೇಮಿರಾಜಾ! ಏನಾತೋ? ಈ ಹೊತ್ತಿನ್ಯಾಗ ರೊಟ್ಟಿ ಬಡ್ಯಾಕತ್ತೀರಿ? ಎಲ್ಲಾರೂ ಆರಾಮ ಅದೀರಿಲ್ಲೋ?"

ನೇಮಿರಾಜ ಏನು ಹೇಳುವುದೆಂದು ತಡವರಿಸುತ್ತಿದ್ದಂತೆ ನಡುಮನೆಯಿಂದ ಆಯಿ, ಮಾತಾಡಬಾರದ ಊಟದ ನಡುವೆಯೇ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಎಲ್ಲಾರೂ ಆರಾಮದೇವೋ ಮುತ್ತಣ್ಣಾ! ನಮ್ಮ ಹುಡುಗಿ ಡ್ಯೂಟಿ ಮುಗಿಸಿ ಬಂದಾಳ!"